ಹೆಸರು ಕೂಗಿದರೂ ಏಳದ ಅತ್ತೆ

ಮಾರ್ಚ್ ೪

ಬೀಗದಕೈ ಅತ್ತೆಯವರಿಗೆ,

ನಿಮ್ಮ ನಿಜವಾದ ಹೆಸರು ನನಗೆ ಗೊತ್ತು. ಆದರೆ ನಮ್ಮನೇಲಿ ಯಾರೂ ನಿಮ್ಮನ್ನು ಆ ಹೆಸರಿಂದ ಕರೆಯೋಲ್ಲ. ಸಿನಿಮಾ ಮೇಲೆ ಸಿನಿಮಾದಲ್ಲಿ ಸೊಂಟಕ್ಕೆ ಬೀಗದಕೈ ಗೊಂಚಲು ಸಿಕ್ಕಿಸಿಕೊಂಡು ಸೊಸೆಯಂದಿರನ್ನು ಗೋಳು ಹುಯ್ದುಕೊಂಡಿರಲ್ಲ, ಅದರ ಫಲ ಇದು. ಸಿಟ್ಟಾಗಬೇಡಿ.

ಪತ್ರ ಶುರುಮಾಡುವಾಗ ಎಲ್ಲರೂ ಕ್ಷೇಮ ವಿಚಾರಿಸ್ತಾರೆ. ನೀವು ಚೆನ್ನಾಗಿರೋದನ್ನು ಮೊನ್ನೆ ಶನಿವಾರ ಸಂಜೆ ಟೀವಿಯಲ್ಲಿ ಕಣ್ಣಾರೆ ನೋಡಿದೆ, ಹಾಗಾಗಿ ಆ ಸಾಲು ಉಳೀತು. ನಾನು ಬಟ್ಟೆ ಗಿರಣಿಯಲ್ಲಿ ತಪಾಸಣೆ ಮೇಜಿನಲ್ಲಿ ಕೆಲಸ ಮಾಡೋಳು. ನೇಯ್ದ ಬಟ್ಟೆಯಲ್ಲಿ ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಎಣ್ಣೆ ಕಲೆ ಬಿದ್ದಿದೆ ಅಂತ ಹುಡುಕೋದು ನನ್ನ ಕೆಲಸ. ಅದಕ್ಕೇ ಗಿರಣಿಯಲ್ಲಿ ನನಗೆ ಹದ್ದುಗಣ್ಣಿ ಅಂತ ಹೆಸರು. ಅಣ್ಣ ತೀರಿಹೋದ ಮೇಲೆ ಅತ್ತಿಗೆಯೂ ನಾನೂ ಒಂದೇ ಮನೆ. ಅತ್ತಿಗೆ ಅಂದ ಮಾತ್ರಕ್ಕೆ ದೊಡ್ಡವಳಲ್ಲ, ನನಗಿಂತ ಚಿಕ್ಕವಳು, ಒಂದೇ ಶಾಲೇಲಿ ಓದಿದವಳು. ಟೀವಿ ಮುಂದೆ ಕೂತರೆ ನಾನು ನೋಡ್ತೀನಿ, ಅವಳು ಕೇಳ್ತಾಳೆ. ಹಾಗೆ ಕೆಲಸ ಹಂಚಿಕೊಂಡಿದ್ದೀವಿ.

ಪ್ರಶಸ್ತಿ ಸಮಾರಂಭ ಬಂತೂಂದ್ರೆ ನಮ್ಮನೇಲಿ ಅವತ್ತು ಅಡುಗೆ ಮಧ್ಯಾಹ್ನವೇ ಮುಗಿಯುತ್ತೆ. ಈ ಸಲ ಎಂಥಾ ಸೊಗಸು! ಆ ಹೊಸ ನಾಯಕಿಯ ಗೌನು ನೋಡಿದಿರಾ? ಅವಳು ವೇದಿಕೆ ಹತ್ತಿ ನಿಂತಿದ್ದಳು, ಗೌನಿನ ಬಾಲ ಇನ್ನೂ ಮೂರನೇ ಸಾಲಿನಲ್ಲೇ ಇತ್ತು. ಅಷ್ಟು ಒಳ್ಳೇ ಬಟ್ಟೆ ನೆಲ ಗುಡಿಸೋದು ನೋಡಿ ನನ್ನ ಹೊಟ್ಟೆ ಉರೀತು. ಆದರೆ ಹುಡುಗಿ ನಡೆದ ಠೀವಿ ಇದೆಯಲ್ಲ, ಆ ಬಟ್ಟೆಗೂ ಅವಳ ಮೇಲೆ ಪ್ರೀತಿ ಹುಟ್ಟಿರಬೇಕು. ಗಾಯಕರ ಟೋಪಿಯಂತೂ ಹಿಂದಿನ ಸಾಲಿನ ಇಬ್ಬರನ್ನು ಪೂರ್ತಿ ನುಂಗಿಹಾಕಿತ್ತು. ಅತ್ಯುತ್ತಮ ಧ್ವನಿಗ್ರಹಣದ ಪ್ರಶಸ್ತಿ ತಗೊಂಡವನು ಮಾತಾಡೋಕೆ ನಿಂತಾಗ ಮೈಕೇ ಕೆಟ್ಟಿತ್ತಂತೆ! ಅತ್ತಿಗೆ ನಕ್ಕೂ ನಕ್ಕೂ ಕುರ್ಚಿಯಿಂದ ಜಾರಿದಳು. ದೊಡ್ಡ ಹೀರೋ ತಮ್ಮ ನಾಯಿಗೂ ಧನ್ಯವಾದ ಹೇಳಿದರು, ಹೆಂಡತಿಗೆ ಮರೆತರು. ವಾಪಸು ಬಂದು ಕೂತು ಹೆಂಡತಿ ಹತ್ತಿರ "ನನಗೆ ಹಸಿವು, ಯಾವಾಗ ಊಟ?" ಅಂದರು. ಆಯಮ್ಮ "ನಾಯೀನೇ ಕೇಳಿ" ಅಂದರು. ಇದೆಲ್ಲ ನನಗೆ ಹೇಗೆ ಗೊತ್ತಾಯ್ತು ಅಂತ ಕೇಳಬೇಡಿ.

ಆಮೇಲೆ ಪೋಷಕ ನಟಿ ಪ್ರಶಸ್ತಿ. ನಿರೂಪಕ ಲಕೋಟೆ ಒಡೆದು ಹೆಸರು ಕೂಗಿದ. ಅತ್ತಿಗೆ "ನಮ್ಮತ್ತೆ! ನಮ್ಮತ್ತೆ!" ಅಂತ ಎದ್ದುನಿಂತಳು. ನೀವು ಏಳಲಿಲ್ಲ. ಕ್ಯಾಮೆರಾ ನಿಮ್ಮ ಮುಖಕ್ಕೇ ಬಂದು ನಿಂತಿದೆ, ನೀವು ಮಾತ್ರ ಹಾಗೇ ಕೂತಿದ್ದೀರಿ. ಅಕ್ಕಪಕ್ಕದವರು ಚಪ್ಪಾಳೆ ತಟ್ಟಿದರು, ನೀವೂ ತಟ್ಟಿದಿರಿ, ನಿಮಗೆ ನೀವೇ! ಯಾರಪ್ಪಾ ಅದೃಷ್ಟವಂತರು ಅನ್ನೋ ಹಾಗೆ ಹಿಂದೆ ತಿರುಗಿ ಬೇರೆ ನೋಡಿದಿರಿ. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಕೊನೆಗೆ ಪಕ್ಕದವರು ಮೊಣಕೈಯಲ್ಲಿ ತಿವಿದ ಮೇಲೆ ಎದ್ದು, ವೇದಿಕೆ ಹತ್ತಿ, "ತಡವಾಯ್ತು, ಕ್ಷಮಿಸಿ" ಅಂತ ಒಂದೇ ಮಾತು. ಇಷ್ಟು ವರ್ಷ ಕಾಯಿಸಿದವರಿಗೆ ಅದಕ್ಕಿಂತ ಚೆಂದದ ಏಟು ಇದೆಯಾ? ಅತ್ತಿಗೆ ಕಣ್ಣೊರೆಸಿಕೊಂಡು, "ಗತ್ತು ಅಂದ್ರೆ ಇದು ಕಣೇ" ಅಂದಳು.

ಅದನ್ನು ಹೇಳೋಕೇ ಇಷ್ಟುದ್ದ ಬರೆದೆ. ನೀವು ಉತ್ತರ ಬರೆಯೋದು ಬೇಡ. ಬರೆದರೆ ಮಾತ್ರ ಗಿರಣಿಯಲ್ಲಿ ಎಲ್ಲರಿಗೂ ತೋರಿಸ್ತೀನಿ.

ಹದ್ದುಗಣ್ಣಿ


ಮಾರ್ಚ್ ೧೯

ಪ್ರಿಯ ಹದ್ದುಗಣ್ಣಿಯವರಿಗೆ,

ಅಭಿಮಾನಿಗಳ ಪತ್ರಗಳಿಗೆ ಸಾಮಾನ್ಯವಾಗಿ ನನ್ನ ಅಕ್ಕನ ಮಗ ಉತ್ತರಿಸುತ್ತಾನೆ. ನನ್ನ ಚಿತ್ರೀಕರಣದ ವ್ಯವಹಾರವನ್ನೆಲ್ಲ ನೋಡಿಕೊಳ್ಳುವವನೂ ಅವನೇ. ನಿಮ್ಮ ಪತ್ರ ಓದಿ ಅವನು ಅಡುಗೆಮನೆಯವರೆಗೂ ನಗುತ್ತಾ ಬಂದ. ಅದಕ್ಕೇ ಇದನ್ನು ನಾನೇ ಬರೆಯುತ್ತಿದ್ದೇನೆ.

ಆ ಕ್ಷಣವನ್ನು ನೀವು ಮೆಚ್ಚಿದ್ದು ಸಂತೋಷ. ಪತ್ರಿಕೆಗಳೂ ಹಾಗೇ ಬರೆದಿವೆ. ಹಾಸ್ಯದಲ್ಲಿ ಕಾಯುವುದೇ ಮುಖ್ಯ. ನಾಟಕ ಕಂಪನಿಯಲ್ಲಿ ನನಗೆ ಮೊದಲು ಕಲಿಸಿದ ಪಾಠ ಅದು. ಪ್ರೇಕ್ಷಕರನ್ನು ಎಷ್ಟು ಹೊತ್ತು ಕಾಯಿಸಬಹುದು ಎನ್ನುವುದು ರಕ್ತದಲ್ಲಿ ಬರಬೇಕು.

ಒಂದು ವಿಷಯ ಕುತೂಹಲ ಹುಟ್ಟಿಸಿತು. ಹೀರೋ ತಮ್ಮ ಪತ್ನಿಗೆ ಹೇಳಿದ ಮಾತು ಟೀವಿಯಲ್ಲಿ ಕೇಳಿಸಿರಲು ಸಾಧ್ಯವೇ ಇಲ್ಲ. ಅವರ ಪತ್ನಿಯನ್ನು ಮೊನ್ನೆ ಒಂದು ಕಡೆ ಭೇಟಿಯಾದಾಗ ಕೇಳಿಯೂ ಬಿಟ್ಟೆ. ಅಕ್ಷರಶಃ ಅದೇ ಮಾತಂತೆ, ನಾಯಿಯ ಉತ್ತರವೂ ಸೇರಿ! ಕೇಳಬೇಡಿ ಎಂದಿದ್ದೀರಿ. ಆದರೂ ಕೇಳುತ್ತಿದ್ದೇನೆ. ಹೇಗೆ ಗೊತ್ತಾಯಿತು? ವಿವರವಾಗಿ ಬರೆಯಿರಿ. ಗಿರಣಿಯವರಿಗೆ ನನ್ನ ನಮಸ್ಕಾರ ತಿಳಿಸಿ.

ಬೀಗದಕೈ ಅತ್ತೆ


ಮಾರ್ಚ್ ೩೦

ಅತ್ತೆಯವರಿಗೆ,

ನಿಮ್ಮ ಪತ್ರ ತಪಾಸಣೆ ಮೇಜಿನ ಮೇಲೆ ಈ ತುದಿಯಿಂದ ಆ ತುದಿಗೆ ಹೋಗಿ ಬಂತು. ಒಬ್ಬಳು ಮೂಸಿ ಕೂಡ ನೋಡಿದಳು. ಅತ್ತೆಯವರು ಯಾವ ಸೆಂಟು ಹಾಕ್ತಾರೆ ತಿಳೀಬೇಕಿತ್ತಂತೆ.

ನೀವು ಕೇಳಿದ್ದಕ್ಕೆ ಹೇಳ್ತೀನಿ. ಮಂತ್ರ ಏನಿಲ್ಲ. ಮೇಜಿಗೆ ಬರೋ ಮೊದಲು ನಾನು ಮಗ್ಗದ ಮನೆಯಲ್ಲಿದ್ದೆ. ಅಲ್ಲಿ ನೂರಾರು ಮಗ್ಗ ಒಟ್ಟಿಗೆ ಬಡಿಯುವಾಗ ಕಿವಿಯ ಪಕ್ಕದಲ್ಲಿ ಕಿರುಚಿದರೂ ಕೇಳಿಸೋಲ್ಲ. ಹಾಗಂತ ಹೆಂಗಸರು ಮಾತು ಬಿಟ್ಟು ಬದುಕೋಕಾಗುತ್ತಾ? ಬಾಯಿ ನೋಡೇ ಮಾತಾಡ್ತಿದ್ವಿ. ಆ ಕೊನೇ ಮಗ್ಗದವಳು ಈ ಕೊನೇ ಮಗ್ಗದವಳಿಗೆ ತನ್ನ ನಾದಿನಿಯ ಜಗಳ ಪೂರ್ತಿ ಹೇಳಿಬಿಡೋಳು, ನಡುವೆ ಇದ್ದ ಮೇಸ್ತ್ರಿಗೆ ಒಂದಕ್ಷರ ಗೊತ್ತಾಗ್ತಿರಲಿಲ್ಲ. ಮೇಸ್ತ್ರಿಯ ಬಗ್ಗೆಯೇ ಆಡಿಕೊಂಡರೂ ಅಷ್ಟೇ. ಆ ಅಭ್ಯಾಸ ಕಣ್ಣಲ್ಲಿ ಕೂತುಬಿಟ್ಟಿದೆ. ಪ್ರಶಸ್ತಿ ಸಮಾರಂಭದಲ್ಲಿ ವೇದಿಕೆ ಮೇಲಿನ ಭಾಷಣಕ್ಕಿಂತ ಕೆಳಗೆ ಕೂತವರ ಪಿಸುಮಾತೇ ಚೆನ್ನಾಗಿರುತ್ತೆ. ಆ ಗೌನಿನ ಹುಡುಗಿ ಪಾಪ, ಇಡೀ ಸಂಜೆ ತನ್ನಷ್ಟಕ್ಕೆ "ಮುಗ್ಗರಿಸಬೇಡ, ಮುಗ್ಗರಿಸಬೇಡ" ಅಂತ ಜಪ ಮಾಡ್ತಿದ್ದಳು. ಅದನ್ನು ನೋಡಿದ ಮೇಲೆ ಅವಳು ಇನ್ನೂ ಇಷ್ಟವಾದಳು.

ಭಾನುವಾರ ಮರುಪ್ರಸಾರ ಮಾಡಿದರು. ಮತ್ತೆ ನೋಡಿದೆ. ನಿಮ್ಮ ಸರದಿ ಬಂದಾಗ ಅತ್ತಿಗೆ ಮತ್ತೆ ಚಪ್ಪಾಳೆ ತಟ್ಟಿದಳು. ನಾನು ಈ ಸಲ ನಿಮ್ಮ ಕಣ್ಣನ್ನೇ ನೋಡ್ತಾ ಕೂತಿದ್ದೆ.

ಇನ್ನೊಂದು ಮಾತು, ಸುಮ್ಮನೆ ಬರೀತೀನಿ. ಇಂಥ ಕಡೆ ಹೋದಾಗ ಸಾಲಿನ ತುದಿಯ ಕುರ್ಚಿ ಕೇಳಿ ಇಸ್ಕೊಳ್ಳಿ. ಬೆಳಕು ಮಾತಾಡೋರ ಮುಖದ ಮೇಲಿರಬೇಕು, ನಿಮ್ಮ ಕಣ್ಣಿಗೆ ಹೊಡೀಬಾರದು. ಮೈಕನ್ನು ಬಾಯಿಗೆ ಅಡ್ಡ ಹಿಡಿಯೋ ನಿರೂಪಕರನ್ನು ನಂಬಲೇಬೇಡಿ.

ಹದ್ದುಗಣ್ಣಿ


ಏಪ್ರಿಲ್ ೧೨

ಮಾನ್ಯರೇ,

ತಮ್ಮ ಪತ್ರ ತಲುಪಿತು. ನಾನು ಸಭೆಗಳಲ್ಲಿ ಎಲ್ಲಿ ಕೂರಬೇಕು ಎಂಬ ಬಗ್ಗೆ ಸಲಹೆಯ ಅಗತ್ಯವಿರುವುದಿಲ್ಲ. ಹೊಸ ಚಿತ್ರದ ತಯಾರಿಯಲ್ಲಿರುವುದರಿಂದ ಮುಂದೆ ಪತ್ರವ್ಯವಹಾರ ಕಷ್ಟ. ಸಹಿ ಮಾಡಿದ ಫೋಟೊ ಇದರೊಂದಿಗಿದೆ.

ವಂದನೆಗಳು.


ಏಪ್ರಿಲ್ ೨೦

ಅಮ್ಮನವರಿಗೆ,

ಫೋಟೊ ಚೆನ್ನಾಗಿದೆ. ಅತ್ತಿಗೆ ಆಗಲೇ ಕಟ್ಟು ಹಾಕಿಸೋಕೆ ತಗೊಂಡು ಹೋದಳು. ಪತ್ರವನ್ನು ಅವಳಿಗೆ ತೋರಿಸಿಲ್ಲ, ಗಿರಣಿಗೂ ಒಯ್ದಿಲ್ಲ.

ನಾನು ಅರ್ಧ ಹೇಳಿ ಅರ್ಧ ಬಿಟ್ಟಿದ್ದೆ, ಅದಕ್ಕೇ ನಿಮಗೆ ಚುಚ್ಚಿದ ಹಾಗಾಯ್ತು ಅನ್ಸುತ್ತೆ. ಉಳಿದರ್ಧ ಇದು: ನನಗೆ ಕಿವಿ ಕೇಳಿಸೋಲ್ಲ. ಮಗ್ಗ ಮೊದಲು ಸಣ್ಣ ಸದ್ದು ತಿಂದಿತು, ಆಮೇಲೆ ದೊಡ್ಡವು. ಈಗ ಬಾಗಿಲು ದಢಾರಂತ ಬಡಿದರೆ ಕಾಲಿಗೆ ಗೊತ್ತಾಗುತ್ತೆ. ಟೀವಿಯಲ್ಲಿ ಹಾಡು ಬಂದರೆ ಅತ್ತಿಗೆ ನನ್ನ ಮೊಣಕಾಲ ಮೇಲೆ ತಾಳ ಹಾಕ್ತಾಳೆ. ನಾನು ನೋಡ್ತೀನಿ, ಅವಳು ಕೇಳ್ತಾಳೆ ಅಂತ ಬರೆದಿದ್ದು ತಮಾಷೆಗಲ್ಲ.

ಶುರುವಿನಲ್ಲಿ ನಾನೂ ಯಾರಿಗೂ ಹೇಳಿರಲಿಲ್ಲ. ಯಾರು ಏನಂದರೂ ಹೂಂ ಅಂತ ತಲೆ ಆಡಿಸೋದು, ಎಲ್ಲರೂ ನಕ್ಕಾಗ ನಗೋದು. ಒಂದು ಸಲ ಗಿರಣಿಯ ವಾರ್ಷಿಕೋತ್ಸವಕ್ಕೆ ಮುಂಚೆ ಗುಮಾಸ್ತರು ಬಂದು ಏನೋ ಕೇಳಿದರು, ನಾನು ಧಾರಾಳವಾಗಿ ಹೂಂಗುಟ್ಟಿದೆ. ವಾರ ಕಳೆದ ಮೇಲೆ ಮೀಸೆ, ಕಿರೀಟ ತಂದು ಕೈಗಿಟ್ಟರು. ನಾಟಕದಲ್ಲಿ ರಾಜನ ಪಾರ್ಟು ಮಾಡೋಕೆ ಒಪ್ಪಿಕೊಂಡಿದ್ದೆ! ರಾಜ ಇಡೀ ನಾಟಕದಲ್ಲಿ ಮಂತ್ರಿಯ ಬಾಯಿಯನ್ನೇ ನುಂಗೋ ಹಾಗೆ ನೋಡ್ತಾ ನಿಂತಿದ್ದ. ಜನ, ಎಂಥಾ ಗಂಭೀರ ರಾಜ ಅಂದರು.

ಜನ ಮೆಚ್ಚಿದಾಗ ಒಳಗೆ ಹೇಗಿರುತ್ತೆ ಅಂತ ನನಗೆ ಗೊತ್ತು. ಮರುಪ್ರಸಾರದಲ್ಲಿ ನೀವು ಹಿಂದೆ ತಿರುಗಿ ನೋಡಿದಿರಲ್ಲ, ಆ ನೋಟ ನನ್ನದೇ. ಮೊದಲ ಸಲ ಅದನ್ನು ನಟನೆ ಅಂದುಕೊಂಡೆ, ಹದ್ದುಗಣ್ಣಿಗೂ ಎಳೆ ತಪ್ಪಿತು.

ನಾನು ಅಂದುಕೊಂಡಿದ್ದು ಸುಳ್ಳಾದರೆ ಈ ಕಾಗದ ಹರಿದು ಬಿಸಾಕಿ. ನಿಜವಾದರೂ ಬಿಸಾಕಿ. ನನ್ನ ಬಾಯಿಂದ ಹೊರಗೆ ಹೋಗೋಲ್ಲ, ಅತ್ತಿಗೆಗೂ ಹೇಳೋಲ್ಲ. ಅವಳ ಪಾಲಿಗೆ ಅದು ಈಗಲೂ ಗತ್ತೇ. ಪ್ರಶಸ್ತಿ ನಿಮಗೆ ಬಂದಿದ್ದು ನಟನೆಗೆ, ಕಿವಿಗಲ್ಲ.

ಹದ್ದುಗಣ್ಣಿ


ಜುಲೈ ೨

ತಂಗೀ,

ಇಷ್ಟು ದಿನ ಉತ್ತರ ಬರೆಯಲಿಲ್ಲ. ನಿಮ್ಮ ಕಾಗದ ಹರಿಯಲೂ ಇಲ್ಲ. ನಾಲ್ಕು ಸಲ ಬರೆಯೋಕೆ ಕೂತು, ನಾಲ್ಕು ಸಲವೂ "ಪ್ರಿಯ ಅಭಿಮಾನಿ" ಅಂತ ಶುರುಮಾಡಿ, ನನಗೇ ಹೇಸಿಗೆಯಾಗಿ ಬಿಟ್ಟೆ.

ನಿಮ್ಮ ಊಹೆ ನಿಜ. ಮೊದಲು ಎಡಗಿವಿ ಹೋಯಿತು, ಬಲಗಿವಿ ಅದರ ಹಿಂದೆಯೇ ಹೊರಟಿದೆ. ವೈದ್ಯರು ಯಂತ್ರ ಕೊಟ್ಟಿದ್ದಾರೆ. ಮನೆಯಲ್ಲಿ ಹಾಕಿಕೊಳ್ಳುತ್ತೇನೆ, ಹೊರಗೆ ಹೋಗುವಾಗ ಪರ್ಸಿಗೆ ಹಾಕುತ್ತೇನೆ. ಅವತ್ತು ಸಭೆಯಲ್ಲಿ ಎಲ್ಲರೂ ನಕ್ಕಾಗ ಯಾಕೆ ಅಂತ ತಿಳಿಯದೆ ನಾನೂ ನಕ್ಕೆ. ಪಕ್ಕದವಳು ತಿವಿದಾಗ, ಅಯ್ಯೋ ಏನು ತಪ್ಪು ಮಾಡಿದೆನೋ ಅಂತ ದಡಬಡಿಸಿ ಎದ್ದೆ. ಪ್ರಶಸ್ತಿ ನನಗೇ ಬಂದಿದೆ ಅಂತ ಗೊತ್ತಾಗಿದ್ದು ಮೆಟ್ಟಿಲ ಹತ್ತಿರ. "ತಡವಾಯ್ತು, ಕ್ಷಮಿಸಿ" ಅಂದದ್ದು ಏಟಲ್ಲ ತಂಗಿ, ನಿಜವಾಗಿ ಕ್ಷಮೆ ಕೇಳಿದ್ದು. ಮರುದಿನ ಪತ್ರಿಕೆ ನೋಡಿದೆ. "ಹಾಸ್ಯದ ಮೇರು ಕ್ಷಣ" ಅಂತ ಹಾಕಿದ್ದರು. ಹಾಗಲ್ಲ ಅನ್ನೋಕೆ ಬಾಯಿ ಬರಲಿಲ್ಲ.

ಈಗಿನ ಕಷ್ಟ ಬೇರೆ. ಹೊಸ ಚಿತ್ರದಲ್ಲಿ ನನಗೆ ಮುಖ್ಯ ಪಾತ್ರ. ಅತ್ತೆಯೂ ಅಲ್ಲ, ಬೀಗದಕೈಯೂ ಇಲ್ಲ. ಮುಚ್ಚಿಹೋದ ಅಂಚೆ ಕಚೇರಿಯನ್ನು ಒಬ್ಬಳೇ ತೆರೆದು ಕೂರುವ ಮುದುಕಿ. ಇಷ್ಟು ವರ್ಷದಲ್ಲಿ ಇಂಥದ್ದು ಇದೇ ಮೊದಲು. ನಿರ್ದೇಶಕಿ ಚಿಕ್ಕ ಹುಡುಗಿ, ಬಹಳ ಬುದ್ಧಿವಂತೆ, ಆದರೆ ಕ್ಯಾಮೆರಾದ ಹಿಂದೆ ಕತ್ತಲಲ್ಲಿ ನಿಂತು ಸೂಚನೆ ಕೊಡುತ್ತಾಳೆ. ತಾಲೀಮಿನಲ್ಲಿ ಸುಮ್ಮನೆ ನಿಂತುಬಿಡುತ್ತೇನೆ. ಎದುರಿನ ನಟ ಬೆನ್ನು ತಿರುಗಿಸಿ ಮಾತಾಡಿದರೆ ನನ್ನ ಮಾತು ಯಾವಾಗ ಅಂತ ತಿಳಿಯದು. ಸಹಾಯಕರು ನನ್ನ ಮಾತುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಹಿಡಿಯೋಕೆ ಶುರುಮಾಡಿದ್ದಾರೆ. ಅಂದರೆ ನನಗೆ ಮರೆವು ಅಂತ ತಿಳಿದುಕೊಂಡಿದ್ದಾರೆ! ಕಿವುಡಿ ಅನ್ನಿಸಿಕೊಳ್ಳೋದಕ್ಕಿಂತ ಅದೇ ವಾಸಿ ಅಂತ ನಾನೂ ಸುಮ್ಮನಿದ್ದೆ. ಮೊನ್ನೆ ನಿರ್ಮಾಪಕರು ಅಕ್ಕನ ಮಗನನ್ನು ಪಕ್ಕಕ್ಕೆ ಕರೆದು ಬೇರೊಬ್ಬರ ಹೆಸರು ಹೇಳಿದರಂತೆ. ಅವನು ನನಗೆ ಹೇಳುವಾಗ ನೆಲ ನೋಡುತ್ತಿದ್ದ. ಮುಖ ಎತ್ತಿ ಇನ್ನೊಂದು ಸಲ ಹೇಳಪ್ಪಾ ಅನ್ನಬೇಕಾಯಿತು. ಅಂಥ ಮಾತನ್ನು ಎರಡು ಸಲ ಹೇಳಿಸಿಕೊಳ್ಳೋದು ಎಷ್ಟು ಕಷ್ಟ ಗೊತ್ತಾ?

ನೀವು ಬಾಯಿ ನೋಡೋದನ್ನು ಹೇಗೆ ಕಲಿತಿರಿ? ನನಗೆ ಕಲಿಸಿಕೊಡಿ.

ಅತ್ತೆ


ಜುಲೈ ೯

ಅಕ್ಕನಿಗೆ,

ಕಾಗದ ಕೈಗೆ ಬಂದ ದಿನವೇ ಬರೀತಿದ್ದೀನಿ. ತಂಗೀ ಅಂದಿರಲ್ಲ, ಹಾಗಾಗಿ ಈ ಸಲುಗೆ.

ನಿಮಗೆ ಅರ್ಧ ಆಗಲೇ ಬರುತ್ತೆ. ಇನ್ನೊಬ್ಬರ ಮುಖ ಓದದೆ ಇಷ್ಟು ವರ್ಷ ನಟಿಸೋಕಾಗುತ್ತಾ? ಟೀವಿಯ ಸದ್ದು ಪೂರ್ತಿ ತೆಗೆದು ವಾರ್ತೆ ನೋಡಿ. ವಾರ್ತೆಯವರು ಬಾಯಿ ಚೆನ್ನಾಗಿ ಬಿಡ್ತಾರೆ. ಆಮೇಲೆ ನಿಮ್ಮದೇ ಹಳೇ ಸಿನಿಮಾ ನೋಡಿ, ಮಾತು ಗೊತ್ತಿರುತ್ತೆ, ತುಟಿ ಹೇಗೆ ಹೋಗುತ್ತೆ ನೋಡಿಕೊಳ್ಳಬಹುದು. ಒಂದೊಂದೇ ಅಕ್ಷರ ಹಿಡಿಯೋಕೆ ಹೋಗಬೇಡಿ, ಮಾತಿನ ಜಾಡು ಹಿಡೀರಿ. ಯಾಕೆಂದರೆ ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ. ಹೊಸದರಲ್ಲಿ ಅತ್ತಿಗೆ ಒಂದಿನ ಬಾಗಿಲಲ್ಲಿ ನಿಂತು "ಮಳೆ ಬಂತು, ಮಳೆ ಬಂತು" ಅಂದಳು. ನನಗೆ ಕಂಡದ್ದು "ಬಳೆ ಬಂತು". ಯಾರು ತಂದರಪ್ಪಾ ಬಳೆ ಅಂತ ನಾನು ಬಳೆ ತೊಡೋಕೆ ಕೈ ತೊಳೆದುಕೊಂಡು ಬರೋಷ್ಟರಲ್ಲಿ ಒಣಹಾಕಿದ ಬಟ್ಟೆಯೆಲ್ಲ ತೊಯ್ದು ತೊಪ್ಪೆ.

ಆದರೆ ಅಕ್ಕ, ಬಾಯಿ ಕಾಣಿಸದೇ ಇದ್ದರೆ ಯಾವ ವಿದ್ಯೆಯೂ ನಡೆಯೋಲ್ಲ. ಕತ್ತಲಲ್ಲಿ ನಿಂತವರ ಬಾಯಿ ನಾನೂ ಓದಲಾರೆ. ಅವರನ್ನು ಬೆಳಕಿಗೆ ಕರೀಬೇಕು. ಕರೀಬೇಕು ಅಂದರೆ ಕಾರಣ ಹೇಳಬೇಕು. ನಾನು ಹೇಳಿದ್ದು ರಾಜನ ಪಾರ್ಟು ಮುಗಿದ ಮಾರನೇ ದಿನ. ಮೀಸೆ ಕಿತ್ತ ಉರಿ ಇನ್ನೂ ಆರಿರಲಿಲ್ಲ. ಮೇಸ್ತ್ರಿ ಹತ್ತಿರ ಹೋಗಿ "ನನಗೆ ಕೇಳಿಸೋಲ್ಲ" ಅಂದೆ. ಕೆಲಸ ಹೋಯ್ತು ಅಂದುಕೊಂಡೇ ಹೋಗಿದ್ದೆ. ಅವರು ಆಚೀಚೆ ನೋಡಿ, "ನನಗೂ ಅಷ್ಟೇ ಕಣಮ್ಮಾ" ಅಂದರು.

ಎಲ್ಲರಿಗೂ ಹಾಗೇ ಆಗುತ್ತೆ ಅಂತ ನಾನು ಹೇಳೋಲ್ಲ. ನಿಮ್ಮ ಲೋಕ ದೊಡ್ಡದು, ಅಲ್ಲಿ ಬೀಳೋದೂ ಎತ್ತರದಿಂದ. ಆದರೆ ಆ ಅಂಚೆ ಕಚೇರಿಯ ಮುದುಕಿಯನ್ನು ಬೇರೆಯವರು ಮಾಡಿದರೆ ನಾನು ಆ ಸಿನಿಮಾ ನೋಡೋಲ್ಲ, ಇಷ್ಟು ಮಾತ್ರ ಖಂಡಿತ.

ತಂಗಿ


ಆಗಸ್ಟ್ ೧೬

ತಂಗೀ,

ಹೇಳಿಬಿಟ್ಟೆ!

ಮೊದಲು ಒಂದು ತಿಂಗಳು ಸದ್ದಿಲ್ಲದ ವಾರ್ತೆ ನೋಡಿದೆ. ಅಕ್ಕನ ಮಗ ಎದುರು ಕೂತು ಮಾತುಗಳನ್ನು ದನಿಯಿಲ್ಲದೆ ಹೇಳುತ್ತಿದ್ದ. ಒಂದಿನ ಅವನು "ಅಪ್ಪಣೆ" ಅಂದ, ನಾನು "ಅಮ್ಮನೇ" ಅಂದುಕೊಂಡು ಇಡೀ ದೃಶ್ಯ ಅತ್ತುಕೊಂಡು ಮಾಡಿದೆ. ಅವನು ಚೆನ್ನಾಗಿತ್ತು ಅಂದ.

ಆಮೇಲೆ ತಾಲೀಮಿನಲ್ಲಿ ನಿರ್ದೇಶಕಿಯ ಕೈ ಹಿಡಿದು ಕಿಟಕಿ ಹತ್ತಿರ ಕರೆದುಕೊಂಡು ಹೋದೆ. "ನನಗೆ ಮರೆವಿಲ್ಲ ಮಗೂ. ಇಡೀ ಚಿತ್ರದ ಮಾತು, ನನ್ನದೂ ಬೇರೆಯವರದೂ, ಬಾಯಿಪಾಠ ಬರುತ್ತೆ. ಕೇಳಿಸೋಲ್ಲ ಅಷ್ಟೇ" ಅಂದೆ.

ಅವಳು ನನ್ನನ್ನೇ ನೋಡಿದಳು. ಅಯ್ಯೋ ಪಾಪ ಅಂತಾಳೆ ಅಂದುಕೊಂಡಿದ್ದೆ. ರೇಗಿಬಿಟ್ಟಳು! "ಎರಡು ತಿಂಗಳಿಂದ ಕ್ಯಾಮೆರಾ ಹಿಂದೆ ನಿಂತು ಕೂಗ್ತಾ ಇದ್ದೀನಲ್ಲ, ನನಗೆ ಯಾಕೆ ಹೇಳಲಿಲ್ಲ? ನಿಮಗೆ ನನ್ನ ಕಂಡರೆ ಆಗೋಲ್ಲ ಅಂತ ನಾನು ದಿನಾ ಮನೆಗೆ ಹೋಗಿ ಅಳ್ತಿದ್ದೆ!"

ನೋಡಿ ತಂಗಿ, ನಾನು ಬರೀ ನನ್ನ ಮರ್ಯಾದೆ ಲೆಕ್ಕ ಹಾಕಿಕೊಂಡಿದ್ದೆ. ಎದುರಿನವರಿಗೆ ಏನಾಗ್ತಿದೆ ಅಂತ ಹೊಳೆದೇ ಇರಲಿಲ್ಲ.

ಅವಳು ಮರುದಿನವೇ ದೃಶ್ಯಗಳನ್ನೆಲ್ಲ ಬದಲಿಸಿದಳು. ಎಲ್ಲರೂ ನನ್ನ ಮುಖಕ್ಕೆ ಮುಖ ಕೊಟ್ಟೇ ಮಾತಾಡಬೇಕು. ಅಂಚೆ ಕಚೇರಿಯ ಕಿಂಡಿಯಲ್ಲಿ ಪ್ರತಿಯೊಬ್ಬರೂ ಬಾಗಿ ಮುಖ ತೋರಿಸುತ್ತಾರೆ. ಅದು ಎಷ್ಟು ಚೆನ್ನಾಗಿ ಕಾಣುತ್ತೆ ಅಂದರೆ ಮೊದಲೇ ಹಾಗೆ ಯಾಕೆ ಮಾಡಲಿಲ್ಲ ಅಂತ ಅವಳೇ ತಲೆ ಚಚ್ಚಿಕೊಂಡಳು. ಪಾತ್ರ ನನ್ನದೇ. ಚಿತ್ರೀಕರಣ ಮುಂದಿನ ತಿಂಗಳು ಶುರುವಾಗಿ ಅದೇ ತಿಂಗಳು ಮುಗಿಯುತ್ತೆ.

ನಿರ್ಮಾಪಕರದು ಮಾತ್ರ ಒಂದು ಷರತ್ತು. ಚಿತ್ರ ಬರೋವರೆಗೂ ಹೊರಗೆ ಬಾಯಿಬಿಡಬಾರದಂತೆ. ಜನ ಮರುಕಪಟ್ಟರೆ ನಗು ಸತ್ತುಹೋಗುತ್ತೆ ಅಂತಾರೆ. ಇರಬಹುದು. ಅಕ್ಟೋಬರ್‌ನಲ್ಲಿ ಟೀವಿ ಧಾರಾವಾಹಿಗಳ ಪ್ರಶಸ್ತಿ ಸಮಾರಂಭ ಇದೆ. ಹಾಸ್ಯನಟಿ ಪ್ರಶಸ್ತಿ ಕೊಡೋಕೆ ನನ್ನನ್ನು ಕರೆದಿದ್ದಾರೆ. ಅದೇ ನಿರೂಪಕ. ಅವನು ಹೆಸರು ಕೂಗಬೇಕು, ನಾನು ಏಳಬಾರದು, ಮತ್ತೆ ಕೂಗಬೇಕು, ನಾನು ಚಪ್ಪಾಳೆ ತಟ್ಟಬೇಕು. ಮಾರ್ಚ್‌ನ ಆ ಪ್ರಸಂಗ ಮತ್ತೊಮ್ಮೆ. ಒಪ್ಪಿಕೊಂಡಿದ್ದೇನೆ. ಎಷ್ಟಾದರೂ ನಗಿಸೋದು ನನ್ನ ಕಸುಬು.

ಅಕ್ಕ


ಆಗಸ್ಟ್ ೨೫

ಅಕ್ಕನಿಗೆ,

ಪಾತ್ರ ಉಳಿಯಿತು ಅನ್ನೋ ಸಾಲು ಓದಿ ಅಡುಗೆಮನೆಯಲ್ಲಿ ಕುಣಿದೆ. ಅತ್ತಿಗೆ ಏನಾಯ್ತೇ ಅಂದಳು. ಹಾವು ಅಂದೆ. ಅವಳೂ ಕುಣಿದಳು.

ಆ ನಿರ್ದೇಶಕಿಗೆ ನನ್ನ ಕಡೆಯಿಂದ ಒಂದು ಥಾನು ಬಟ್ಟೆ ಕಳಿಸಬೇಕು ಅನ್ನಿಸ್ತಿದೆ. ರೇಗೋರು ಸಿಗೋದು ಪುಣ್ಯ. ಪಾಪ ಅನ್ನೋರು ಬೇಕಾದಷ್ಟು ಸಿಗ್ತಾರೆ.

ಅಕ್ಟೋಬರ್ ವಿಷಯಕ್ಕೆ ನಾನೇನು ಹೇಳಲಿ? ಅದು ನಿಮ್ಮ ಕಸುಬು, ನನಗೆ ಗೊತ್ತಿಲ್ಲ. ನೀವು ಮಾಡಿದರೆ ಚೆನ್ನಾಗೇ ಮಾಡ್ತೀರಿ. ಜನ ನಗ್ತಾರೆ, ಅತ್ತಿಗೆ ನಗ್ತಾಳೆ. ನಾನು ಆ ಹೊತ್ತಿಗೆ ಎದ್ದು ನೀರು ಕುಡಿಯೋಕೆ ಹೋಗ್ತೀನಿ. ಸಿಟ್ಟಿನಿಂದಲ್ಲ. ಆ ನೋಟವನ್ನು ಒಂದು ಸಲ ನಟನೆ ಅಂತ ನೋಡಿ ಆಗಿದೆ, ಇನ್ನೊಂದು ಸಲ ಆಗೋಲ್ಲ.

ತಂಗಿ


ಅಕ್ಟೋಬರ್ ೩

ತಂಗೀ,

ಶನಿವಾರ ನೀರು ಮೊದಲೇ ಕುಡಿದು ಕೂತುಕೊಳ್ಳಿ.

ಅಕ್ಕ


ಅಕ್ಟೋಬರ್ ೧೨

ಅಕ್ಕನಿಗೆ,

ನೀರು ಕುಡಿದು ಕೂತೆ. ತಂಬಿಗೆ ಪಕ್ಕದಲ್ಲೇ ಇಟ್ಟುಕೊಂಡೆ, ಏಳೋ ನೆಪ ಬೇಡ ಅಂತ.

ಮೊದಲು ಸಮಾರಂಭದ ವಿಷಯ. ಈ ಟೀವಿಯವರು ಸಿನಿಮಾದವರನ್ನೂ ಮೀರಿಸಿದರು. ಆ ಪೊಲೀಸ್ ಧಾರಾವಾಹಿಯ ನಾಯಕ ಕೆಂಪು ಹಾಸಿನ ಮೇಲೆ ನಡೆಯುತ್ತಾ ಕೈ ಬೀಸ್ತಿದ್ದಾನೆ, ಹಿಂದೆ ಅವನ ತಾಯಿ ಅವನ ಕೋಟಿನ ಬೆಲೆ ಚೀಟಿ ಕೀಳೋಕೆ ಓಡಿ ಬರ್ತಿದ್ದಾರೆ! ಖಳನಾಯಕಿ ಪ್ರಶಸ್ತಿ ತಗೊಂಡ ಹೆಂಗಸು ಎಷ್ಟು ಸಾಧು, ತನ್ನಿಂದ ವಿಷ ಕುಡಿದವರ ಹೆಸರೆಲ್ಲ ಹೇಳಿ ಒಬ್ಬೊಬ್ಬರಿಗೂ ಕೈಮುಗಿದಳು. ಅತ್ತಿಗೆಗೆ ಅವಳ ಮೇಲಿದ್ದ ಎರಡು ವರ್ಷದ ದ್ವೇಷ ಒಂದೇ ನಿಮಿಷಕ್ಕೆ ಕರಗಿಹೋಯ್ತು. ನಗೋದೂ ಮೆಚ್ಚೋದೂ ಒಟ್ಟಿಗೆ ಬರುತ್ತಲ್ಲ, ಅದಕ್ಕೇ ನನಗೆ ಈ ಸಮಾರಂಭಗಳಂದ್ರೆ ಪ್ರಾಣ.

ಆಮೇಲೆ ನೀವು. ಸಾಲಿನ ತುದಿಯ ಕುರ್ಚಿ. ಕೂದಲನ್ನು ಎತ್ತಿ ಕಟ್ಟಿದ್ದಿರಿ, ಕಿವಿಯಲ್ಲಿ ಯಂತ್ರ ಎದ್ದು ಕಾಣ್ತಿತ್ತು. ಅತ್ತಿಗೆ "ಅದೇನೇ ಓಲೆ, ಹೊಸ ನಮೂನೆ?" ಅಂದಳು. ನಾನು ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡ್ಕೊಂಡೆ.

ನಿರೂಪಕ ಹೆಸರು ಕೂಗಿದ. ನೀವು ಥಟ್ಟನೆ ಎದ್ದಿರಿ. ಅವನು ಕಕ್ಕಾಬಿಕ್ಕಿ. "ಅತ್ತೇ, ಇಷ್ಟು ಬೇಗ ಎದ್ದುಬಿಟ್ರಾ? ಕಾಯಿಸ್ತೀರ ಅಂದ್ಕೊಂಡಿದ್ದೆ!" ಅಂದ. ನೀವು ನಿಧಾನಕ್ಕೆ ವೇದಿಕೆ ಹತ್ತಿ, ಅವನ ಎದುರು ನಿಂತು, "ಹೋದ ಸಲ ನೀವು ಮೈಕು ಬಾಯಿಗೆ ಅಡ್ಡ ಹಿಡಿದಿದ್ರಿ. ಈ ಸಲ ಬಾಯಿ ಕಾಣಿಸ್ತು" ಅಂದಿರಿ. ಸಭೆ ನಕ್ಕಿತು. ನೀವು ನಗು ನಿಲ್ಲೋವರೆಗೂ ಕಾದಿರಿ. ಈ ಸಲ ಕಾದದ್ದು ನಿಜವಾದ ಕಲೆ, ಅಕ್ಕ. "ನಗಿ, ನಗೋಕೇ ಬಂದಿದ್ದೀರಿ. ಆದರೆ ನಾನು ಹೇಳ್ತಿರೋದು ನಿಜ. ನನಗೆ ಕಿವಿ ಕೇಳಿಸೋಲ್ಲ. ಅವತ್ತು ನಾನು ಗತ್ತಿನಿಂದ ಕೂತಿದ್ದಲ್ಲ, ನೀವು ನನ್ನ ಹೆಸರು ಕರೆದಿದ್ದು ಗೊತ್ತೇ ಆಗಿರಲಿಲ್ಲ. ನನ್ನ ಜೊತೆ ಮಾತಾಡೋರು ಮುಖ ತೋರಿಸಿ ಮಾತಾಡಿ. ಉಳಿದದ್ದು ನಾನು ನೋಡ್ಕೋತೀನಿ. ಈಗ ಲಕೋಟೆ ಕೊಡಿ, ಆ ಹುಡುಗಿ ಪಾಪ ಉಗುರು ಕಚ್ತಾ ಕೂತಿದ್ದಾಳೆ."

ಯಾರೂ ಅಯ್ಯೋ ಪಾಪ ಅನ್ನಲಿಲ್ಲ. ನಾನು ಸಾಲು ಸಾಲಾಗಿ ಬಾಯಿ ನೋಡಿದೆ, ಒಬ್ಬರೂ ಅನ್ನಲಿಲ್ಲ. ಉಗುರು ಕಚ್ಚುತ್ತಿದ್ದ ಹುಡುಗಿಗೇ ಪ್ರಶಸ್ತಿ ಬಂತು. ಅವಳು ಮೈಕು ಬಿಟ್ಟು ನಿಮ್ಮ ಹತ್ತಿರ ಬಂದು ಮುಖ ಎತ್ತಿ ಏನೋ ಹೇಳಿದಳು. ಸಭೆಗೆ ಕೇಳಿಸಲಿಲ್ಲ, ಅತ್ತಿಗೆಗೂ ಕೇಳಿಸಲಿಲ್ಲ. "ನಮ್ಮ ಅಮ್ಮನಿಗೂ ಹಾಗೇ" ಅಂದಳು. ಅಥವಾ ಅಪ್ಪನಿಗೋ? ತುಟಿ ಮೇಲೆ ಎರಡೂ ಒಂದೇ ನೋಡಿ, ನೀವೇ ತಿಳಿಸಬೇಕು.

ಅತ್ತಿಗೆ ಟೀವಿ ಆರಿಸಿದಳು. ಆಮೇಲೆ ನನ್ನ ಕಡೆ ಪೂರ್ತಿ ತಿರುಗಿ ಕೂತು, "ನಿನಗೆ ಮೊದಲೇ ಗೊತ್ತಿತ್ತಾ?" ಅಂದಳು. ಹೂಂ ಅಂದೆ. "ಕಳ್ಳಿ!" ಅಂದಳು. ಆಮೇಲೆ, "ಈಗ ಗತ್ತು ಇನ್ನೂ ಜಾಸ್ತಿ ಆಯ್ತು ಕಣೇ" ಅಂದಳು. ಪತ್ರಿಕೆಯಲ್ಲಿ ನಿಮ್ಮ ನಿರ್ಮಾಪಕರ ಹೇಳಿಕೆ ನೋಡಿದೆ: "ನಮಗೆ ಮೊದಲಿಂದಲೂ ಗೊತ್ತಿತ್ತು, ಅವರ ಧೈರ್ಯ ನಮಗೆ ಹೆಮ್ಮೆ." ಹೆಮ್ಮೆಯೋ ಎಮ್ಮೆಯೋ, ಸಿನಿಮಾ ಬರಲಿ, ಮೊದಲ ದಿನ ಮೊದಲ ಸಾಲು ನಮ್ಮದು.

ಇನ್ನು ಗಿರಣಿಯ ಸಂಗತಿ. ಇದನ್ನು ಹೇಳಲೇಬೇಕು. ನಮ್ಮ ತಪಾಸಣೆ ಮೇಜಿನವರೆಲ್ಲ ಮಗ್ಗದ ಮನೆಯಿಂದ ಬಂದವರು, ಕಿವಿ ಅಷ್ಟಕ್ಕಷ್ಟೇ. ಈ ವರ್ಷ ಹೊಸ ಮೇಲ್ವಿಚಾರಕರು ಬಂದಿದ್ದಾರೆ. ಒಳ್ಳೇ ಮನುಷ್ಯ, ಆದರೆ ಬೆಳಿಗ್ಗೆ ಸೂಚನೆಗಳನ್ನೆಲ್ಲ ಗೋಡೆಯ ಹಲಗೆ ಕಡೆ ತಿರುಗಿ ಬರೀತಾ ಬರೀತಾ ಹೇಳ್ತಾರೆ. ಹಲಗೆ ಮೇಲೆ ಬರೀ ಸಂಖ್ಯೆ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅವಳಿಗೆ ಗೊತ್ತಿರಬೇಕು ಅಂತ ಇವಳೂ, ಇವಳಿಗೆ ಗೊತ್ತಿರಬೇಕು ಅಂತ ಅವಳೂ ತಲೆ ಆಡಿಸಿ ಕೆಲಸಕ್ಕೆ ಹೋಗ್ತಿದ್ವಿ, ನಿಮಗೆ ಬುದ್ಧಿ ಹೇಳಿದ ನಾನೂ. ಸೋಮವಾರ ಬೆಳಿಗ್ಗೆ ಅವರು ಹಲಗೆ ಕಡೆ ತಿರುಗಿದ ಕೂಡಲೇ ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು, ಜೀವಮಾನದಲ್ಲಿ ಮೇಲಿನವರ ಎದುರು ಬಾಯಿ ತೆರೆಯದವಳು, ಕೈ ಎತ್ತಿದಳು. "ಸ್ವಾಮೀ, ಈ ಕಡೆ ತಿರುಗಿ ಹೇಳಿ. ನಮಗ್ಯಾರಿಗೂ ಸರಿಯಾಗಿ ಕೇಳಿಸೋಲ್ಲ" ಅಂದಳು.

ಅವರು ಸೀಮೆಸುಣ್ಣದ ಕಡ್ಡಿ ಹಿಡಿದುಕೊಂಡೇ ತಿರುಗಿದರು. "ಯಾರಿಗೂ?" ಅಂದರು.

ನಾನು ಕೈ ಎತ್ತಿದೆ. ಪಕ್ಕದವಳು ಎತ್ತಿದಳು. ಮೇಜಿನ ಉದ್ದಕ್ಕೂ ಕೈಗಳು ಎದ್ದವು.

"ಇಷ್ಟು ತಿಂಗಳು ಯಾಕೆ ಹೇಳಲಿಲ್ಲ?" ಅಂದರು ಆ ಮನುಷ್ಯ.

ಹಿರಿಯಳು, "ನೀವು ಶನಿವಾರ ಟೀವಿ ನೋಡಲಿಲ್ವಾ?" ಅಂದಳು.

ಅವರು ಕಡ್ಡಿ ಕೆಳಗಿಟ್ಟು ನಮ್ಮ ಎದುರು ಬಂದು ನಿಂತರು. ಬಂದ ದಿನದಿಂದ ಹೇಳಿದ್ದನ್ನೆಲ್ಲ ಮೊದಲಿಂದ ಒಂದೊಂದಾಗಿ ಹೇಳಿದರು. ಕೊನೆಗೆ, ಮಧ್ಯಾಹ್ನದ ಮೇಲೆ ನಮಗೆ ಇನ್ನೊಂದು ಚಹಾ ಬಿಡುವು ಇದೆಯಂತೆ ಅಕ್ಕ, ಜೂನ್‌ನಿಂದಲೇ ಇದೆಯಂತೆ! ಈ ಹೆಂಗಸರಿಗೆ ಎಷ್ಟು ಕೆಲಸದ ಹುಚ್ಚು, ಬಿಡುವು ಕೊಟ್ಟರೂ ತಗೊಳ್ಳೋಲ್ಲವಲ್ಲ ಅಂತ ಅವರು ಮೇಲಿನವರ ಹತ್ತಿರ ನಮ್ಮನ್ನು ಹೊಗಳ್ತಾ ಇದ್ದರಂತೆ.

ಇವತ್ತು ಆ ಬಿಡುವಿನಲ್ಲೇ ಕೂತು ಇದನ್ನು ಬರೀತಿದ್ದೀನಿ. ಚಹಾ ಚೆನ್ನಾಗಿದೆ.

ನಿಮ್ಮ ತಂಗಿ